ಎಲ್ಲ ಆನ್‌ಲೈನ್ ಆಟವೂ ರಮ್ಮಿಯಲ್ಲ

ಮಾನ್ಯ ಸಂಪಾದಕರೇ,

ಆನ್‌ಲೈನ್ ಗೇಮ್ ಅಂದ ತಕ್ಷಣ ಪತ್ರಿಕೆಗಳಲ್ಲಿ ಬರುವ ಚಿತ್ರ ಹೆಚ್ಚುಕಮ್ಮಿ ಒಂದೇ. ಇಸ್ಪೀಟ್ ಎಲೆ, ಮೊಬೈಲು, ತಲೆ ಮೇಲೆ ಕೈ ಹೊತ್ತು ಕೂತ ಹುಡುಗ. ರಮ್ಮಿಗೆ ದುಡ್ಡು ಸುರಿದು ಮನೆ ಮಠ ಕಳೆದುಕೊಂಡವರು ನಮ್ಮ ಕಡೆಯೂ ಇದ್ದಾರೆ, ಆ ಸುದ್ದಿ ಬರಲೇಬೇಕು. ಆದರೆ ಎಲ್ಲ ಆಟವನ್ನೂ ಅದೇ ತಕ್ಕಡಿಗೆ ಹಾಕಿ ತೂಗಿದರೆ ನನ್ನಂಥವರಿಗೆ ಮನೆಯಲ್ಲಿ ಮಾತಾಡುವುದೇ ಕಷ್ಟವಾಗುತ್ತದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಇದೆ, ಬೇಕಾದ ಕಡೆ ಕತ್ತರಿಸಿಕೊಳ್ಳಿ.

ನಾನು ತಿಪಟೂರಿನವನು, ಕೊಬ್ಬರಿ ಮಂಡಿ ನೋಡಿಕೊಳ್ಳುತ್ತೇನೆ. ವಯಸ್ಸು ನಲವತ್ತರ ಹತ್ತಿರ. ತುಮಕೂರಿನಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದಾಗ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನೋ ಆಟ ಆಡುತ್ತಿದ್ದೆ. 2004ರ ನವೆಂಬರ್‌ನಲ್ಲಿ ಶುರುವಾದದ್ದು, ಇನ್ನೂ ನಡೆಯುತ್ತಿದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ ಅದೊಂದು ದೊಡ್ಡ ಮಾಯಾಲೋಕ, ಅದರೊಳಗೆ ಒಂದೇ ಹೊತ್ತಿಗೆ ಸಾವಿರಾರು ಜನ ಓಡಾಡುತ್ತಿರುತ್ತಾರೆ, ಒಬ್ಬೊಬ್ಬರದ್ದು ಒಂದೊಂದು ವೇಷ. ಖಾಯಂ ತಂಡಕ್ಕೆ ಗಿಲ್ಡ್ ಅಂತಾರೆ, ತಂಡ ಕಟ್ಟಿಕೊಂಡು ದೊಡ್ಡ ರಾಕ್ಷಸನ ಮೇಲೆ ಬೀಳುವುದಕ್ಕೆ ರೈಡ್ ಅಂತಾರೆ. ಕೆಲಸ, ಮದುವೆ ಅಂತ ಬಿಟ್ಟುಹೋಗಿತ್ತು. ಈಗ ಹಳೆಯ ಗಿಲ್ಡಿನವರು ವಾಪಸ್ ಬಾ ಅಂತ ಕರೆಯುತ್ತಿದ್ದಾರೆ. ಹೋಗಬೇಕಾ ಬೇಡವಾ ಅಂತ ಯೋಚನೆ ಮಾಡುತ್ತಿದ್ದೇನೆ.

ಅಪ್ಪನ ಹತ್ತಿರ ಹೇಳಿದೆ. 'ಅದನ್ನೆಲ್ಲ ಬ್ಯಾನ್ ಮಾಡಿದ್ರಲ್ಲೋ, ಪೇಪರ್‌ನಲ್ಲೇ ಬಂದಿತ್ತು' ಅಂದರು.

ಬ್ಯಾನ್ ಆಗಿದ್ದು ಅದಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಆಟಗಳನ್ನು ಮೂರು ಪಾಲು ಮಾಡುತ್ತದೆ. ದುಡ್ಡು ಕಟ್ಟಿ ಜಾಸ್ತಿ ದುಡ್ಡು ಗೆಲ್ಲುವ ಆಸೆಗೆ ಆಡುವುದು ಒಂದು, ಇ-ಸ್ಪೋರ್ಟ್ಸ್ ಒಂದು, ಸುಮ್ನೆ ಖುಷಿಗೆ ಆಡುವ ಆಟಗಳು ಒಂದು. ನಿಷೇಧ ಮೊದಲನೆಯದಕ್ಕೆ ಮಾತ್ರ. ಅಂಥದ್ದನ್ನು ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಮೂರನೆಯ ಪಾಲಿನ ಆಟಕ್ಕೆ ಚಂದಾ ತೆಗೆದುಕೊಳ್ಳಬಹುದು, ಅದು ಪಣ ಆಗಬಾರದು ಅಷ್ಟೇ, ಅಂತ ಕಾಯ್ದೆಯಲ್ಲೇ ಇದೆ. ನಮ್ಮ ರಾಜ್ಯದವರೂ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿದ್ದರು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು, ಆಗಲೂ ಜಗಳ ಇದ್ದದ್ದು ಪಣದ ಬಗ್ಗೆಯೇ. ನನ್ನ ಆಟದಲ್ಲಿ ಪಣ ಇಲ್ಲ. ಯುರೋಪಿನ ಅಕೌಂಟಿಗೆ ಚಂದಾ ತಿಂಗಳಿಗೆ 12.99 ಯೂರೊ, ನಮ್ಮ ಲೆಕ್ಕದಲ್ಲಿ ಸುಮಾರು 1,300 ರೂಪಾಯಿ. ಗೆದ್ದರೆ ಏನೂ ಬರಲ್ಲ, ಸೋತರೆ ಏನೂ ಹೋಗಲ್ಲ.

ಹಾಗಂತ ಯೋಚನೆ ಮಾಡುವಂಥದ್ದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ. ಆದರೆ ಅದು ಬೇರೆ ಥರದ ಯೋಚನೆ, ಅದರ ಬಗ್ಗೆ ಯಾರೂ ಬರೆಯಲ್ಲ.

ಮುಖ್ಯ ಕಷ್ಟ ಹೊತ್ತಿನದು. ಈ ಆಟಕ್ಕೆ ಭಾರತದಲ್ಲಿ ಸರ್ವರ್, ಅಂದರೆ ಆಟ ನಡೆಸುವ ಕಂಪ್ಯೂಟರ್, ಇಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಬಂದಿಲ್ಲ. ನಾವೆಲ್ಲ ಯುರೋಪಿಗೋ ಅಮೆರಿಕಕ್ಕೋ ಹೋಗಿ ಸೇರಿಕೊಳ್ಳಬೇಕು. ಯುರೋಪಿನವರು ಊಟ ಮುಗಿಸಿ ರಾತ್ರಿ 8ಕ್ಕೆ ರೈಡ್ ಶುರು ಮಾಡಿದರೆ ಚಳಿಗಾಲದಲ್ಲಿ ನಮಗೆ ರಾತ್ರಿ 12:30, ಅವರು ಬೇಸಿಗೆಯಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸಿದಾಗ 11:30. ಅಮೆರಿಕದ ಪೂರ್ವ ಕರಾವಳಿಯವರ ರಾತ್ರಿ 8 ಅಂದರೆ ನಮಗೆ ಬೆಳಗಿನ ಜಾವ 5:30 ಅಥವಾ 6:30. 2014ರಲ್ಲಿ ಸಿಡ್ನಿಯಲ್ಲಿ ಸರ್ವರ್ ಇಟ್ಟರು, ಹತ್ತಿರ ಬಂತಲ್ಲ ಅಂದುಕೊಂಡರೆ ಅವರ ರಾತ್ರಿ 8 ನಮಗೆ ಮಧ್ಯಾಹ್ನ 2:30, 3:30. ಆ ಹೊತ್ತಿಗೆ ನಾನು ಮಂಡಿಯಲ್ಲಿ ಮೂಟೆ ತೂಕ ಹಾಕಿಸುತ್ತಿರುತ್ತೇನೆ. ಈ ಮೂರು ಕಡೆಯಲ್ಲಿ ಎಲ್ಲಿ ಹೋಗಿ ಸೇರಿದರೂ ತಿಪಟೂರಿನವನಿಗೆ ಒಗ್ಗುವ ಸಂಜೆ ಇಲ್ಲ.

ಹುಡುಗರಾಗಿದ್ದಾಗ ಇದು ಕಷ್ಟ ಅನಿಸಿರಲಿಲ್ಲ. ಬಿಎಸ್‌ಎನ್‌ಎಲ್‌ನ 500 ರೂಪಾಯಿ ಬ್ರಾಡ್‌ಬ್ಯಾಂಡ್ ಪ್ಲಾನಿನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಬೇಕಾದರೂ ಡೌನ್‌ಲೋಡ್ ಮಾಡಬಹುದಿತ್ತು, ನೆನಪಿರಬೇಕು ನಿಮ್ಮ ಓದುಗರಿಗೂ. ಆಟಕ್ಕೇನೂ ಹೆಚ್ಚು ಡೇಟಾ ಬೇಡ, ಆಟವನ್ನು ಆಗಾಗ ಹೊಸದು ಮಾಡುವ ಪ್ಯಾಚ್‌ಗಳಿಗೆ ಬೇಕು. ಪ್ಯಾಚ್ ಬಂದ ದಿನ 2 ಗಂಟೆಗೆ ಅಲಾರಂ ಇಟ್ಟು ಎದ್ದು ಹಾಕುತ್ತಿದ್ದೆವು. ರಾತ್ರಿ ಎದ್ದಿರುವುದು ಆಗ ಓದಿನ ಜೊತೆಗೇ ಬಂದಿತ್ತು, ಯಾರೂ ಕೇಳುತ್ತಿರಲಿಲ್ಲ. ಈಗ ಬೆಳಿಗ್ಗೆ ಲಾರಿ ಬರುತ್ತದೆ.

ಎರಡನೆಯದು ಲ್ಯಾಗ್, ಅಂದರೆ ನಾವು ಇಲ್ಲಿ ಮಾಡಿದ್ದು ಸರ್ವರ್‌ಗೆ ತಡವಾಗಿ ಮುಟ್ಟುವುದು. ಮನೆಗೆ ಫೈಬರ್ ಬಂದಿದೆ, ಇನ್ನೇನು ಅಂತ ಕೇಳುತ್ತಾರೆ. ಫೈಬರ್‌ನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಅದಕ್ಕಿಂತ ಜೋರಾಗಿ ಓಡಲ್ಲ. ಇಲ್ಲಿಂದ ಸಮುದ್ರದಡಿಯ ಕೇಬಲ್ ಹಿಡಿದು ಯುರೋಪಿಗೆ ಹೋಗಿ ವಾಪಸ್ ಬರುವ ಹೊತ್ತನ್ನು ಯಾವ ಪ್ಲಾನ್ ಹಾಕಿಸಿಕೊಂಡರೂ ಉಳಿಸುವುದಕ್ಕಾಗಲ್ಲ. 2024ರಲ್ಲಿ, ಆಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಕೇಬಲ್‌ಗಳು ತುಂಡಾದವಲ್ಲ, ಹಾಗಾದಾಗ ಇನ್ನೂ ಸುತ್ತಿಕೊಂಡು ಹೋಗಬೇಕು.

ಲ್ಯಾಗ್ ಅಂದರೆ ಎಷ್ಟು ಮಹಾ ಅಂತ ಅನಿಸಬಹುದು. ಆಗ ನಮ್ಮ ದೊಡ್ಡ ರೈಡ್ ಐಸ್‌ಕ್ರೌನ್ ಕೋಟೆ, 2009ರ ಡಿಸೆಂಬರ್‌ನಲ್ಲಿ ಬಂದದ್ದು. ಕೊನೆಯ ರಾಕ್ಷಸ ಲಿಚ್ ಕಿಂಗ್. ಅವನು ಆಗಾಗ ಯಾರದೋ ಒಬ್ಬರ ಕಾಲಡಿಗೆ ಕಪ್ಪು ಕೊಚ್ಚೆಯೊಂದನ್ನು ಎಸೆಯುತ್ತಾನೆ. ಅದರೊಳಗೆ ಯಾರಾದರೂ ನಿಂತಷ್ಟೂ ಅದು ಅಗಲವಾಗುತ್ತದೆ, ಅಗಲವಾದಷ್ಟೂ ಮತ್ತೊಬ್ಬರ ಕಾಲಿಗೆ ತಾಗುತ್ತದೆ. ನಾನು ಸರಿಯಾದ ಹೊತ್ತಿಗೇ ಜಾಗ ಬಿಟ್ಟಿರುತ್ತೇನೆ, ನನ್ನ ಸ್ಕ್ರೀನ್ ಮೇಲೆ ಆಚೆಗೆ ಬಂದೂ ಆಗಿರುತ್ತದೆ. ಸರ್ವರ್ ಪ್ರಕಾರ ಇನ್ನೂ ಒಳಗೇ. ಅರ್ಧ ಸೆಕೆಂಡಿನ ವ್ಯತ್ಯಾಸ. ಇಡೀ ತಂಡ ನೆಲಕ್ಕೆ. ಹೆಡ್‌ಫೋನಿನಲ್ಲಿ ಯಾರೂ ಬೈಯುತ್ತಿರಲಿಲ್ಲ, ಯಾರದ್ದು ಅಂತ ಎಲ್ಲರಿಗೂ ಗೊತ್ತಿರುತ್ತಿತ್ತು.

ಅದೇ ಕೋಟೆಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಕಾಳಗ ಇತ್ತು. ವಲಿಥ್ರಿಯಾ ಅಂತ ಒಂದು ಹಸಿರು ಡ್ರ್ಯಾಗನ್, ಗಾಯವಾಗಿ ಬಿದ್ದಿರುತ್ತದೆ. ಅದನ್ನು ಕೊಲ್ಲುವುದಲ್ಲ, ಉಳಿಸುವುದು. ನಾನು ಹೀಲರ್, ಅಂದರೆ ಉಳಿದವರ ಗಾಯ ವಾಸಿ ಮಾಡುವವನು. ಬೇರೆ ಎಲ್ಲ ಕಾಳಗದಲ್ಲೂ ಹೀಲರ್ ಹಿಂದೆ ನಿಂತಿರುತ್ತಾನೆ, ಯಾರ ಕಣ್ಣಿಗೂ ಬೀಳಲ್ಲ, ಯಾರಾದರೂ ಸತ್ತಾಗ ಮಾತ್ರ ಅವನ ನೆನಪಾಗುತ್ತದೆ. ಇಲ್ಲಿ ಮಾತ್ರ ಖಡ್ಗ ಹಿಡಿದವರೆಲ್ಲ ನಮ್ಮ ಕಾವಲಿಗೆ ನಿಲ್ಲಬೇಕು. ಆಟ ಮಾಡಿದವರಿಗೆ ಹೀಲರ್‌ಗಳ ಮೇಲೆ ಕನಿಕರ ಬಂದು ಮಾಡಿದ್ದಾರೆ ಅನಿಸುತ್ತಿತ್ತು. ಇವತ್ತಿಗೂ ಆಟ ಅಂದರೆ ನನಗೆ ಮೊದಲು ನೆನಪಾಗುವುದು ಇದೇ.

ಇನ್ನು ಮಾರುಕಟ್ಟೆ. ಆಟದೊಳಗೆ ಆಕ್ಷನ್ ಹೌಸ್ ಅಂತ ಇದೆ, ಗಿಡಮೂಲಿಕೆ, ಅದಿರು, ಔಷಧಿ ಎಲ್ಲ ಅಲ್ಲಿ ಮಾರಾಟ, ಥೇಟ್ ನಮ್ಮ ಎಪಿಎಂಸಿಯ ಕೊಬ್ಬರಿ ಹರಾಜಿನ ಹಾಗೆ. ವಾರಾಂತ್ಯದಲ್ಲಿ ಎಲ್ಲರೂ ಮೂಲಿಕೆ ಕಿತ್ತು ತಂದು ಸುರಿಯುತ್ತಾರೆ, ಮಾಲು ಜಾಸ್ತಿ, ರೇಟು ಬೀಳುತ್ತದೆ. ರೈಡಿನ ದಿನ ಎಲ್ಲರಿಗೂ ಔಷಧಿ ಬೇಕು, ರೇಟು ಏರುತ್ತದೆ. ಭಾನುವಾರ ಕೊಂಡು ಬುಧವಾರ ಮಾರಿದರೆ ಆಯಿತು. ಅದು ನನಗೆ ರೈಡಿಗಿಂತ ಚೆನ್ನಾಗಿ ಬರುತ್ತಿತ್ತು, ರಕ್ತದಲ್ಲಿ ಇರುವುದು ಎಲ್ಲಿ ಹೋಗುತ್ತದೆ. ಆದರೆ 2022ರಲ್ಲಿ ಅದನ್ನೂ ಬದಲಾಯಿಸಿದ್ದಾರೆ. ಮುಂಚೆ ಒಂದೊಂದು ಸರ್ವರ್‌ಗೆ ಒಂದೊಂದು ಮಾರುಕಟ್ಟೆ ಇತ್ತು. ಈಗ ಮೂಲಿಕೆ, ಅದಿರಿನಂಥ ಮಾಲಿಗೆ ಇಡೀ ಯುರೋಪಿಗೆ ಒಂದೇ. ಕೊಳ್ಳುವವನಿಗೆ ಒಳ್ಳೆಯದು. ಸಣ್ಣ ಸರ್ವರ್‌ನಲ್ಲಿ ಕೂತು ಎರಡು ಕಾಸು ನೋಡುತ್ತಿದ್ದ ನನ್ನಂಥ ವ್ಯಾಪಾರಿಗೆ ಕೆಲಸ ಇಲ್ಲ. ನಾನು ನ್ಯಾಯ ಅಂತಲೇ ಹೇಳುತ್ತೇನೆ, ಬೇಜಾರಂತೂ ಆಯಿತು.

ಬಿಟ್ಟವರು ವಾಪಸ್ ಹೋದರೆ ಇನ್ನೊಂದು ಕಾಟ ಇದೆ. ಎರಡು ವರ್ಷಕ್ಕೊಮ್ಮೆ ಹೊಸ ಭಾಗ ಬರುತ್ತದೆ, ಬಂದ ದಿನ ಹಳೆಯ ಕತ್ತಿ ಕವಚ ಎಲ್ಲ ಗುಜರಿಗೆ. ನಮ್ಮ ವೇಷ ಏರಬಹುದಾದ ಗರಿಷ್ಠ ಲೆವೆಲ್ 2008ರಲ್ಲಿ 80 ಇತ್ತು. ಏರಿಸಿ ಏರಿಸಿ 120 ಮಾಡಿದರು, 2020ರಲ್ಲಿ 50ಕ್ಕೆ ಇಳಿಸಿದರು, ಮತ್ತೆ ಏರಿಸುತ್ತಾ 2024ಕ್ಕೆ ಸರಿಯಾಗಿ 80ಕ್ಕೇ ತಂದು ನಿಲ್ಲಿಸಿದರು! ಗಿಲ್ಡ್ ವಾರ್ಸ್ 2 ಅಂತ ಇನ್ನೊಂದು ಆಟ ಇದೆ. 2012ರಲ್ಲಿ ಬಂದಾಗ 80 ಇದ್ದ ಲೆವೆಲ್ಲನ್ನು ಅವರು ಏರಿಸಲೇ ಇಲ್ಲ, ತಿಂಗಳ ಚಂದಾನೂ ಇಲ್ಲ. ಸಂಸಾರ ಇರುವವರಿಗೆ, ಮೂರು ತಿಂಗಳು ಬಿಟ್ಟು ಬರುವವರಿಗೆ ಅದೇ ಸರಿ ಅಂತ ಯಾರು ಕೇಳಿದರೂ ಹೇಳುತ್ತೇನೆ. ಆದರೆ ನಮ್ಮವರು ಅಲ್ಲಿಲ್ಲವಲ್ಲ.

ಹಳೆಯದೇ ಬೇಕು ಅನ್ನುವವರಿಗೆ 2019ರಿಂದ ಕ್ಲಾಸಿಕ್ ಅಂತ ಬೇರೆ ಸರ್ವರ್‌ಗಳನ್ನು ಇಟ್ಟಿದ್ದಾರೆ. 2023ರಲ್ಲಿ ಅಲ್ಲಿ ಐಸ್‌ಕ್ರೌನ್ ಕೋಟೆ ಮತ್ತೆ ತೆರೆಯಿತು. ಮಂಡಿ ಕೆಲಸದಲ್ಲಿ ನನಗೆ ಗೊತ್ತಾಗುವಷ್ಟರಲ್ಲಿ ಆ ಸರ್ವರ್‌ಗಳೂ ಮುಂದಿನ ಭಾಗಕ್ಕೆ ಹೋಗಿಬಿಟ್ಟಿದ್ದವು.

ಈಗಿನ ಆಟ ನನ್ನಂಥವರಿಗೆ ಅನುಕೂಲ ಆಗಿರುವುದೂ ನಿಜ. 2024ರಲ್ಲಿ ಡೆಲ್ವ್ ಅಂತ ತಂದಿದ್ದಾರೆ, ಸಣ್ಣ ಗುಹೆಗಳು. ಒಬ್ಬರೇ ಹೋಗಬಹುದು, ಐದು ಜನದವರೆಗೆ ಸೇರಿಯೂ ಹೋಗಬಹುದು. ಜೊತೆಗೆ ಬ್ರಾನ್ ಅನ್ನೋ ಗಡ್ಡದ ಕುಳ್ಳನನ್ನು ಕಂಪ್ಯೂಟರೇ ಕಳಿಸಿಕೊಡುತ್ತದೆ. ಅರ್ಧ ಗಂಟೆಯೊಳಗೆ ಮುಗಿಸಿ ಎದ್ದು ಬರಬಹುದು. ಬೇರೆಯವರಿಗೆ ಕಾಯುವ ಕೆಲಸ ಇಲ್ಲ. ಕೇಳಿದಾಗ ಖುಷಿಯಾಯಿತು, ಆಮೇಲೆ ಯೋಚನೆ ಬಂತು. ಕಂಪ್ಯೂಟರ್ ಕಳಿಸಿದ ಕುಳ್ಳನ ಜೊತೆ ಗುಹೆ ಸುತ್ತುವುದಕ್ಕೆ 1,300 ರೂಪಾಯಿ ಯಾಕೆ ಕೊಡಬೇಕು? ನಾನು ಅಲ್ಲಿಗೆ ಹೋಗುತ್ತಿದ್ದದ್ದು ಕೊಚ್ಚಿಯ ಹುಡುಗನೊಬ್ಬ ರೈಡಿನ ಮಧ್ಯೆ ಅವರಮ್ಮ ಮಾಡಿದ ಪುಟ್ಟಿನ ವಿಷಯ ಹೇಳುತ್ತಿದ್ದನಲ್ಲ, ಪುಣೆಯವನು ನಮ್ಮ ಚಿತ್ರಾನ್ನ ಅಂದರೆ ಏನು ಅಂತ ಕೇಳುತ್ತಿದ್ದನಲ್ಲ, ಅದಕ್ಕೆ. ರಾಕ್ಷಸ ಒಂದು ನೆಪ. ಊರಲ್ಲಿ ಹರಟೆ ಕಟ್ಟೆ ಇದ್ದರೆ ಸಾಕಲ್ಲ, ಅದಕ್ಕೆ ಯುರೋಪು ಯಾಕೆ ಅಂತ ನೀವು ಕೇಳಬಹುದು. ಹೌದು, ಕಟ್ಟೆ ಇದೆ. ಅಲ್ಲಿ ಕೊಬ್ಬರಿ ರೇಟು ಬಿಟ್ಟು ಬೇರೆ ಮಾತು ಹೊರಡಲ್ಲ.

ಚಟ ಆಗಲ್ವಾ ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಗೆ ಗೇಮಿಂಗ್ ಚಟ ಸೇರಿದೆ, 2022ರಿಂದ ಆ ಪಟ್ಟಿ ಜಾರಿಯಲ್ಲಿದೆ. ಅವರು ನೋಡುವುದು ಆಡಿದ ಗಂಟೆಗಳನ್ನಲ್ಲ. ಹಿಡಿತ ತಪ್ಪಿದೆಯಾ, ಬೇರೆಲ್ಲದಕ್ಕಿಂತ ಆಟವೇ ಮೊದಲಾಗಿದೆಯಾ, ತೊಂದರೆ ಆಗುತ್ತಿದೆ ಅಂತ ಗೊತ್ತಿದ್ದೂ ನಿಲ್ಲಿಸಲಾಗುತ್ತಿಲ್ಲವಾ, ಸಾಮಾನ್ಯವಾಗಿ ವರ್ಷದುದ್ದಕ್ಕೂ ಹೀಗೇ ಇದೆಯಾ ಅನ್ನುವುದನ್ನು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕೆ ಪ್ರತ್ಯೇಕ ಕ್ಲಿನಿಕ್ ಇದೆ. ತುಮಕೂರಿನಿಂದ ರೈಲು ಹತ್ತಿದರೆ ಹೋಗಿ ಬರುವಷ್ಟು ದೂರ. ಮಕ್ಕಳ ಬಗ್ಗೆ ಅನುಮಾನ ಇದ್ದವರು ಮೊಬೈಲ್ ಕಿತ್ತು ಗೋಡೆಗೆ ಎಸೆಯುವ ಬದಲು ಅಲ್ಲಿಗೆ ಹೋಗಬಹುದು. ಆಟದೊಳಗೂ ಗಾಳ ಇದೆ, ನಾನು ಮುಚ್ಚಿಡಲ್ಲ. ಪ್ರತಿ ವಾರ ಲೆಕ್ಕ ಹೊಸದಾಗುತ್ತದೆ, ಈ ವಾರ ಹೋಗದಿದ್ದರೆ ಈ ವಾರದ ಬಹುಮಾನ ಹೋಯಿತು. ಜನರನ್ನು ಹಿಡಿದಿಡುವುದು ಆ ವಾರದ ಲೆಕ್ಕವೇ, ಡ್ರ್ಯಾಗನ್ ಅಲ್ಲ.

ಎಲ್ಲ ಅಳೆದು ತೂಗಿ ನಾನು ಮಾಡಿಕೊಂಡ ತೀರ್ಮಾನ ಹೀಗಿದೆ. ರೈಡಿಗೆ ಹೋಗಲ್ಲ, ರಾತ್ರಿ 12:30 ನನ್ನಿಂದ ಆಗುವ ಮಾತಲ್ಲ. ನಮ್ಮ ಹಳೆಯ ಗಿಲ್ಡಿನ ಕೆಲವರು ಈಗ ಯುರೋಪಿನಲ್ಲೇ ಕೆಲಸದಲ್ಲಿದ್ದಾರೆ. ಭಾನುವಾರ ನಮಗೆ ಮಧ್ಯಾಹ್ನ 3 ಅಂದರೆ ಜರ್ಮನಿಯಲ್ಲಿರುವವನಿಗೆ ಚಳಿಗಾಲದಲ್ಲಿ ಬೆಳಿಗ್ಗೆ 10:30, ಬೇಸಿಗೆಯಲ್ಲಿ 11:30, ಕಾಫಿ ಕುಡಿದು ಕೂತಿರುತ್ತಾನೆ. ನಾಲ್ಕೈದು ಜನ ಸೇರಿ ಎರಡು ಗುಹೆ ಸುತ್ತಿ, ಮಾತಾಡಿ, ಐದು ಗಂಟೆಗೆ ಎದ್ದರೆ ಮನೆಯಲ್ಲೂ ಯಾರ ತಕರಾರಿಲ್ಲ. ಕೇಳಿದ್ದೇನೆ, ಒಪ್ಪಿದ್ದಾರೆ. ಚಂದಾ ಒಂದು ತಿಂಗಳಿಗೆ ಮಾತ್ರ ಕಟ್ಟುತ್ತೇನೆ, ತಾನಾಗೇ ಕಡಿತವಾಗುವ ಹಾಗೆ ಇಡಲ್ಲ. ತಿಂಗಳಾದ ಮೇಲೆ ಭಾನುವಾರ ಯಾರೂ ಬರುತ್ತಿಲ್ಲ, ನಾನು ಕುಳ್ಳನ ಜೊತೆ ಒಬ್ಬನೇ ಇದ್ದೇನೆ ಅಂತಾದರೆ ನಿಲ್ಲಿಸುತ್ತೇನೆ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಮುಂದೆ ಆನ್‌ಲೈನ್ ಆಟದ ಸುದ್ದಿ ಹಾಕುವಾಗ ಅದು ಪಣ ಕಟ್ಟುವ ಆಟವೋ ಅಲ್ಲವೋ ಅಂತ ಮೊದಲ ಸಾಲಿನಲ್ಲೇ ಬರೆಯಿರಿ, ಆಟದ ಹೆಸರೂ ಹಾಕಿ. ಚಿತ್ರಕ್ಕೆ ಇಸ್ಪೀಟ್ ಎಲೆ ಹಾಕುವುದಾದರೆ ಸುದ್ದಿಯೂ ಇಸ್ಪೀಟಿನದ್ದೇ ಆಗಿರಲಿ.

ಇತಿ,
ಒಬ್ಬ ಓದುಗ
ತಿಪಟೂರು, ತುಮಕೂರು ಜಿಲ್ಲೆ