ಅಗಲಿದ ನಟನ ಗೌರವ ಚಿತ್ರಕಥೆಯಲ್ಲೇ ಇರಬೇಕು

ಮಾನ್ಯ ಸಂಪಾದಕರೇ,

ತೀರಿಹೋದ ನಟರನ್ನು ಗ್ರಾಫಿಕ್ಸ್ ಬಲದಿಂದ ಮತ್ತೆ ತೆರೆಗೆ ತರುವ ಮಾತು ಸಿನಿಮಾ ಪುಟಗಳಲ್ಲಿ ಈಚೆಗೆ ಪದೇ ಪದೇ ಬರುತ್ತಿದೆ. ಕಲ್ಪಿತ ಆಫ್ರಿಕನ್ ರಾಜ್ಯ ವಕಾಂಡದ ಕತೆಯ ಎರಡನೇ ಭಾಗವಾಗಿ 2022ರಲ್ಲಿ ಬಂದ ಮಾರ್ವೆಲ್ ಚಿತ್ರ 'ಬ್ಲ್ಯಾಕ್ ಪ್ಯಾಂಥರ್: ವಕಾಂಡ ಫಾರೆವರ್' ಪ್ರಸ್ತಾಪವಾದಾಗಲೆಲ್ಲ, ಮೊದಲ ಭಾಗದಲ್ಲಿ ಅಲ್ಲಿನ ರಾಜ ಟಿಚಾಲಾ ಆಗಿದ್ದ ಚಾಡ್ವಿಕ್ ಬೋಸ್‌ಮನ್ ಜಾಗಕ್ಕೆ ಬೇರೆ ನಟನನ್ನು ಹಾಕಬೇಕಿತ್ತು, ಇಲ್ಲವೇ ಅವರ ಮುಖವನ್ನೇ ಕಂಪ್ಯೂಟರಿನಲ್ಲಿ ಮೂಡಿಸಬೇಕಿತ್ತು ಎನ್ನುವವರಿದ್ದಾರೆ. ಸಂಕಲನದ ಕೆಲಸದಲ್ಲಿರುವ ನಮಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ಕಾರಣಗಳನ್ನು ವಿವರವಾಗಿಯೇ ಹೇಳಬೇಕಾಗಿದೆ.

ಬೋಸ್‌ಮನ್ 2020ರ ಆಗಸ್ಟ್ 28ರಂದು, 43ನೇ ವಯಸ್ಸಿನಲ್ಲಿ, ದೊಡ್ಡ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು. ರೋಗ ಪತ್ತೆಯಾಗಿದ್ದು 2016ರಲ್ಲಿ, ಆಗಲೇ ಮೂರನೇ ಹಂತ. 2018ರಲ್ಲಿ ತೆರೆಕಂಡ ಮೊದಲ ಭಾಗದ ಸಾಹಸ ದೃಶ್ಯಗಳಲ್ಲಿ ಅವರು ನಟಿಸಿದ್ದು ಆ ಕಾಯಿಲೆಯನ್ನು ಮೈಯಲ್ಲಿಟ್ಟುಕೊಂಡೇ. ನಿರ್ದೇಶಕ ರಯಾನ್ ಕೂಗ್ಲರ್ ಎರಡನೇ ಭಾಗದ ಕರಡನ್ನು ಅವರು ತೀರಿಕೊಳ್ಳುವಷ್ಟರಲ್ಲಿ ಬರೆದಿದ್ದರು. ಅದು ರಾಜ ಟಿಚಾಲಾ ಮತ್ತು ಅವನ ಮಗನ ಕತೆ. ಆದರೆ ಒಂದೇ ಒಂದು ಶಾಟ್ ಕೂಡ ತೆಗೆದಿರಲಿಲ್ಲ. ಚರ್ಚೆಯಲ್ಲಿ ಎಲ್ಲರೂ ಮರೆಯುವ ಸಂಗತಿ ಇದೇ.

ಅರ್ಧ ಚಿತ್ರೀಕರಣವಾದ ಮೇಲೆ ನಟ ಹೋದರೆ ಸಮಸ್ಯೆಯ ಸ್ವರೂಪವೇ ಬೇರೆ. ಪಾಲ್ ವಾಕರ್ 2013ರ ನವೆಂಬರಿನಲ್ಲಿ ತೀರಿಕೊಂಡಾಗ 'ಫ್ಯೂರಿಯಸ್ 7' ನಡುವಿನಲ್ಲಿತ್ತು. ಅವರ ಇಬ್ಬರು ತಮ್ಮಂದಿರನ್ನು ಡ್ಯೂಪ್ ಆಗಿ ನಿಲ್ಲಿಸಿ, ಮುಖವನ್ನು ಗ್ರಾಫಿಕ್ಸಿನಲ್ಲಿ ಕೂರಿಸಿ, ಹಳೆಯ ತುಣುಕುಗಳನ್ನೂ ಬಳಸಿ ಮುಗಿಸಿದರು. ನಮ್ಮ ಪುನೀತ್ ಅವರ 'ಜೇಮ್ಸ್'ಗೆ ಶಿವಣ್ಣ ದನಿ ಕೊಟ್ಟರು. ಇಲ್ಲೆಲ್ಲ ನಟ ಮಾಡಿಟ್ಟ ಅಭಿನಯ ಕೈಯಲ್ಲಿತ್ತು, ಉಳಿದ ತೂತನ್ನು ಮುಚ್ಚಬೇಕಿತ್ತು, ಅಷ್ಟೆ. ವಕಾಂಡದ ಎರಡನೇ ಭಾಗಕ್ಕೆ ಮುಚ್ಚಲು ತೂತೇ ಇರಲಿಲ್ಲ, ಇಡೀ ಪಾತ್ರವನ್ನೇ ಹೊಸದಾಗಿ ಕಟ್ಟಬೇಕಿತ್ತು.

ಹಾಗೆ ಕಟ್ಟಲು ಏನೇನು ಬೇಕು? ನಟನ ಮುಖದ ಸ್ಕ್ಯಾನ್ ಅಥವಾ ಅಚ್ಚು, ಬೇರೆ ಬೇರೆ ಬೆಳಕಿನಲ್ಲಿ ತೆಗೆದ ಸಾಕಷ್ಟು ಫೂಟೇಜ್, ಅದೇ ಎತ್ತರ, ಅದೇ ನಡಿಗೆಯ ಡ್ಯೂಪ್, ಹೊಂದುವ ದನಿ. ಇಷ್ಟೆಲ್ಲ ಸಿಕ್ಕಿದರೂ ಮೊದಲು ಕೈಕೊಡುವುದು ಕಣ್ಣು ಮತ್ತು ಬಾಯಂಚು. ಮಾತಿಗೆ ಮುಂಚೆ ಕಣ್ಣಿನ ಸುತ್ತ ಚರ್ಮ ಒಂದಿಷ್ಟು ಬಿಗಿಯಾಗುತ್ತದೆ, ತುಟಿಯ ಒಂದು ಬದಿ ಮೊದಲು ಅಲುಗುತ್ತದೆ. ಅದು ನಟನ ಸ್ವಂತ ಅಭ್ಯಾಸ, ಡ್ಯೂಪ್ ಮುಖದಿಂದ ಅದು ಬರುವುದಿಲ್ಲ. ದೂರದ ಶಾಟ್‌ನಲ್ಲಿ, ಕತ್ತಲಲ್ಲಿ, ಎರಡು ಮೂರು ಸೆಕೆಂಡಿಗೆ ಕಣ್ಣು ಮೋಸಹೋಗುತ್ತದೆ. ಕ್ಲೋಸಪ್‌ನಲ್ಲಿ ನಿಂತು ಮಾತಾಡಿಸಿದರೆ ಗುಟ್ಟು ಬಯಲು. 1994ರಲ್ಲೇ ತೀರಿಕೊಂಡಿದ್ದ ಪೀಟರ್ ಕುಶಿಂಗ್ ಅವರನ್ನು 2016ರ ಸ್ಟಾರ್ ವಾರ್ಸ್ ಚಿತ್ರ 'ರೋಗ್ ಒನ್'ನಲ್ಲಿ ಮತ್ತೆ ತಂದಾಗ, ಕೆಲಸ ಮಾಡಿದವರು ಜಗತ್ತಿನ ಅತ್ಯುತ್ತಮ ತಂತ್ರಜ್ಞರಾಗಿದ್ದರೂ ನೋಡುಗರ ಗಮನ ಕತೆಯನ್ನು ಬಿಟ್ಟು ಆ ಮುಖದ ಮೇಲೇ ನೆಟ್ಟಿತ್ತು.

ಬೇರೆ ನಟನನ್ನು ತರಬೇಕಿತ್ತು ಎನ್ನುವವರ ವಾದದಲ್ಲಿ ತೂಕವಿದೆ. ಟಿಚಾಲಾ ಕರಿಯ ಮಕ್ಕಳು ಎದೆಗೆ ಹಚ್ಚಿಕೊಂಡ ನಾಯಕ, ಒಬ್ಬ ನಟನ ಜತೆಗೇ ಆ ಪಾತ್ರವನ್ನೂ ಮಣ್ಣುಮಾಡುವುದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಸಾವಿನ ನೆನಪು ಹಸಿಯಾಗಿರುವಾಗ ಆ ಸಿಂಹಾಸನದಲ್ಲಿ ಕೂರುವ ಯಾವ ನಟನೂ ಮೊದಲ ದೃಶ್ಯದಿಂದ ಕೊನೆಯವರೆಗೆ ಹೋಲಿಕೆಯಲ್ಲೇ ಬೇಯುತ್ತಿದ್ದ. ಸುತ್ತಲಿನ ಕಲಾವಿದರೂ ತಮ್ಮ ದುಃಖವನ್ನು ಅದುಮಿಟ್ಟು ನಟಿಸಬೇಕಾಗುತ್ತಿತ್ತು.

ಕೂಗ್ಲರ್ ಮತ್ತು ಜೋ ರಾಬರ್ಟ್ ಕೋಲ್ ಆ ದುಃಖವನ್ನೇ ಕತೆಗೆ ಮೂಲವಾಗಿಸಿದರು. ಟಿಚಾಲಾನನ್ನು ಯಾವ ಖಳನೂ ಕೊಲ್ಲುವುದಿಲ್ಲ, ಹೆಸರು ಹೇಳದ ಕಾಯಿಲೆ ಕೊಲ್ಲುತ್ತದೆ, ಅದೂ ತೆರೆಯ ಆಚೆ. ಇದು ಬಹಳ ದೊಡ್ಡ ನಿರ್ಧಾರ. ಖಳ ಕೊಂದಿದ್ದರೆ ಕತೆ ನೇರ ಸೇಡಿನ ದಾರಿ ಹಿಡಿಯುತ್ತಿತ್ತು. ಕಾಯಿಲೆಗೆ ಶತ್ರುವಿನ ಮುಖವಿಲ್ಲ. ಅಣ್ಣನನ್ನು ಉಳಿಸುವ ಮೂಲಿಕೆಯನ್ನು ಪ್ರಯೋಗಾಲಯದಲ್ಲಿ ತಯಾರಿಸಲು ಹೆಣಗಿ ಸೋತ ತಂಗಿ ಶೂರಿಯ ಸಿಟ್ಟು ಮೊದಲು ತನ್ನ ಮೇಲೇ ತಿರುಗುತ್ತದೆ, ಆಮೇಲೆ ಎದುರಿಗೆ ಬಂದ, ಸಮುದ್ರದಾಳದ ರಾಜ್ಯದ ದೊರೆ ನೇಮೋರ್ ಮೇಲೆ ಬೀಳುತ್ತದೆ. ಕೊನೆಯಲ್ಲಿ ಅವಳು ನೇಮೋರ್‌ನನ್ನು ಕೊಲ್ಲದೆ ಬಿಡುವುದಕ್ಕೆ ಅರ್ಥ ಬರುವುದು ಈ ಕಾರಣಕ್ಕೇ.

ಒಂದು ವಸ್ತುವನ್ನು ಗಮನಿಸಿ: ಶೂರಿ ಅಂತ್ಯಸಂಸ್ಕಾರಕ್ಕೆ ತೊಟ್ಟ ಬಿಳಿ ಉಡುಪು. ಸಾವಾಗಿ ವರ್ಷ ತುಂಬಿದಾಗ ತಾಯಿ ರಮೊಂಡಾ ಅವಳನ್ನು ನೀರಿನ ದಡಕ್ಕೆ ಕರೆದೊಯ್ದು, ಶೋಕದ ಬಟ್ಟೆಯನ್ನು ಸುಟ್ಟು ಶೋಕ ಕಳೆಯೋಣ ಎನ್ನುತ್ತಾಳೆ. ಶೂರಿ ಒಪ್ಪುವುದಿಲ್ಲ. ಅಣ್ಣನ ಬಗ್ಗೆ ಒಂದು ವಿಷಯ ಹೇಳಬೇಕು ಎಂದು ತಾಯಿ ಬಾಯಿ ತೆರೆಯುವಷ್ಟರಲ್ಲಿ ನೀರಿನಿಂದ ನೇಮೋರ್ ಎದ್ದು ಬರುತ್ತಾನೆ. ಸುಡದೆ ಉಳಿದ ಬಟ್ಟೆ, ಹೇಳದೆ ಉಳಿದ ಮಾತು, ಹೊಸ ಎದುರಾಳಿ, ಮೂರೂ ಒಂದೇ ದೃಶ್ಯದಲ್ಲಿ. ಬಟ್ಟೆಯ ಸಾಲ ತೀರುವುದು ಹೈಟಿಯ ಕಡಲತೀರದಲ್ಲಿ, ಮಾತಿನ ಸಾಲ ತೀರುವುದು ಟೈಟಲ್‌ಗಳ ನಡುವೆ ಬರುವ ಟಿಚಾಲಾನ ಮಗನಿಂದ. ಪಾತ್ರ ಮುಂದುವರಿಯಬೇಕು ಎಂದವರಿಗೆ ಸಿಕ್ಕ ಉತ್ತರವೂ ಅದೇ ಹುಡುಗ.

ಇನ್ನೊಂದು ಕಡೆ ಆಮಿಷ ಬಲವಾಗಿತ್ತು. ಕೊನೆಗೂ ತಯಾರಾದ ಮೂಲಿಕೆ ಕುಡಿದ ಶೂರಿ ಪಿತೃಲೋಕಕ್ಕೆ ಹೋಗುತ್ತಾಳೆ. ಅಲ್ಲಿ ಅಣ್ಣನ ಮುಖವನ್ನು ಗ್ರಾಫಿಕ್ಸಿನಲ್ಲಿ ತೋರಿಸಿದ್ದರೆ ಚಿತ್ರಮಂದಿರದಲ್ಲಿ ಶಿಳ್ಳೆ ಖಂಡಿತ. ಆದರೆ ಅಲ್ಲಿ ಸಿಗುವುದು ಮೊದಲ ಭಾಗದಲ್ಲಿ ಸತ್ತ ಖಳ ಕಿಲ್‌ಮಾಂಗರ್. ಬೋಸ್‌ಮನ್ ಕಾಣುವುದೆಲ್ಲ ಅವರು ಬದುಕಿದ್ದಾಗ ತೆಗೆದ ತುಣುಕುಗಳಲ್ಲಿ ಮಾತ್ರ: ಸಂಗೀತ ತೆಗೆದುಹಾಕಿದ ಮಾರ್ವೆಲ್ ಲಾಂಛನದಲ್ಲಿ, ಮತ್ತು ಶೂರಿ ಬಟ್ಟೆ ಸುಡುವಾಗಿನ ನೆನಪಿನಲ್ಲಿ.

ಚಿತ್ರದಲ್ಲಿ ಕೊರತೆ ಇಲ್ಲವೆಂದಲ್ಲ. 161 ನಿಮಿಷ ಹೆಚ್ಚಾಯಿತು. ಅಮೆರಿಕದ ವಿದ್ಯಾರ್ಥಿನಿ ರಿರಿ ವಿಲಿಯಮ್ಸ್ ಕತೆ, ಅಮೆರಿಕದ ಗುಪ್ತಚರರ ಓಡಾಟ ಮುಂದಿನ ಸರಣಿಗಳಿಗೆ ಹಾಕಿದ ಅಡಿಪಾಯ. ಅವು ಬಂದಾಗಲೆಲ್ಲ ಶೋಕದ ಎಳೆ ಸಡಿಲವಾಗುತ್ತದೆ. ಆ ಎಳೆಯನ್ನು ಮತ್ತೆ ಬಿಗಿಗೊಳಿಸುವುದು ರಮೊಂಡಾ ಆಗಿರುವ ಆಂಜೆಲಾ ಬ್ಯಾಸೆಟ್. ಮನೆಯವರೆಲ್ಲ ಹೋದರು, ಇನ್ನೇನು ಕೊಡಲಿ ಎಂದು ಸಭೆಯಲ್ಲಿ ಸಿಡಿಯುವ ರಾಣಿಯ ಆ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ವಸ್ತ್ರವಿನ್ಯಾಸಕ್ಕೆ ರೂತ್ ಕಾರ್ಟರ್ ಎರಡನೇ ಆಸ್ಕರ್ ಗೆದ್ದರು.

ಅಗಲಿದ ನಟರ ಚಿತ್ರಗಳ ಬಗ್ಗೆ ಮುಂದೆ ಬರೆಯುವಾಗ ತಮ್ಮ ಸಿನಿಮಾ ಪುಟ ನಿರ್ಮಾಪಕರಿಗೆ ಕೆಲವು ನೇರ ಪ್ರಶ್ನೆ ಕೇಳಲಿ. ಸಾವಿಗೆ ಮುಂಚೆ ಎಷ್ಟು ಚಿತ್ರೀಕರಣವಾಗಿತ್ತು? ಯಾವ ಶಾಟ್‌ಗಳಲ್ಲಿ ಮುಖ ಬದಲಾಗಿದೆ? ಮನೆಯವರು ಬರಹದಲ್ಲಿ ಒಪ್ಪಿಗೆ ಕೊಟ್ಟಿದ್ದಾರೆಯೇ, ಆ ಒಪ್ಪಿಗೆ ಒಂದು ಚಿತ್ರಕ್ಕೋ ಮುಂದಿನವುಗಳಿಗೂ ಸೇರಿಯೋ? ಡ್ಯೂಪ್ ಆದವರ, ದನಿ ಕೊಟ್ಟವರ ಹೆಸರು ಟೈಟಲ್ ಕಾರ್ಡಿನಲ್ಲಿ ಇದೆಯೇ?

– ಇಬ್ಬರು ಚಿತ್ರ ಸಂಕಲನಕಾರರು