ಲಾಮಾರ್ ಕಣಿವೆಗೆ ಹೊರಡುವ ಮುಂಚೆ

ಬೋಜ್‌ಮನ್, ಮೊಂಟಾನಾ
ಆಗಸ್ಟ್ 3

ಪ್ರೀತಿಯ ಚಿಕ್ಕಪ್ಪನಿಗೆ ನಮಸ್ಕಾರ.

ನಾನು ಕ್ಷೇಮ. ತೀರ್ಥಹಳ್ಳಿಯಲ್ಲಿ ರಾಮಮಂಟಪ ಮುಳುಗಿರುವ ಫೋಟೋ ಅಮ್ಮ ಕಳಿಸಿದ್ದಾಳೆ. ಹೊಳೆ ದಡದ ಕಡೆ ಸದ್ಯಕ್ಕೆ ಹೋಗಬೇಡಿ.

ಮೊನ್ನೆ ಫೋನಿನಲ್ಲಿ ನೀವು ಕೇಳಿದ್ದು ತಲೆಯಲ್ಲೇ ಇದೆ. ‘ಹಿಡಿದ ಮೀನನ್ನು ವಾಪಸ್ ಬಿಡೋದಾದರೆ ಅಷ್ಟು ದೂರ ಯಾಕೋ ಹೋಗ್ತೀಯ?’ ಅಷ್ಟರಲ್ಲಿ ಲೈನ್ ಕಟ್ ಆಯಿತು. ನನಗೆ ಗಾಳ ಕಟ್ಟುವುದನ್ನು ಕಲಿಸಿದವರು ನೀವು. ನಿಮಗೆ ಸರಿಯಾದ ಉತ್ತರ ಕೊಡಲೇಬೇಕು.

ಈ ತಿಂಗಳ ಕೊನೆಯ ವಾರ ಆಫೀಸಿನ ಗೆಳೆಯನ ಜೊತೆ ಯೆಲ್ಲೋಸ್ಟೋನ್ ಪಾರ್ಕಿನ ಈಶಾನ್ಯ ಮೂಲೆಗೆ ಹೋಗುತ್ತಿದ್ದೇನೆ. ಲಾಮಾರ್ ನದಿ, ಅದಕ್ಕೆ ಸೇರುವ ಸ್ಲೌ ಕ್ರೀಕ್ ಮತ್ತು ಸೋಡಾ ಬ್ಯೂಟ್ ಕ್ರೀಕ್, ಈ ಮೂರರಲ್ಲೇ ನಮ್ಮ ತಿರುಗಾಟ. ಆಗಸ್ಟ್ ಕೊನೆಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಬೆಟ್ಟದ ಹಿಮ ಕರಗಿ ಜೂನ್‌ನಲ್ಲಿ ಲಾಮಾರ್ ಕೆಸರಾಗಿ ನುಗ್ಗುತ್ತದೆ. ಜುಲೈ ಅರ್ಧ ಕಳೆದ ಮೇಲೆಯೇ ನೀರು ಇಳಿದು ತಿಳಿಯಾಗುವುದು. ನಮ್ಮಲ್ಲಿ ಹೊಳೆ ಉಕ್ಕಿ ಗದ್ದೆಗೆ ಹತ್ತುಮೀನು ಏರುವ ಕಾಲವೇ ಬೇರೆ, ಇಲ್ಲಿನ ಲೆಕ್ಕವೇ ಬೇರೆ. ಒಂದು ಗುಡುಗು ಮಳೆ ಬಿದ್ದರೂ ಲಾಮಾರ್ ಮತ್ತೆ ರಾಡಿಯಾಗುತ್ತದೆ. ಹಾಗಾದ ದಿನ ಸ್ಲೌ ಕ್ರೀಕಿನ ಮೊದಲ ಹುಲ್ಲುಗಾವಲಿಗೆ ನಡೆದು ಹೋಗುತ್ತೇವೆ. ಸುಮಾರು ಮೂರು ಕಿಲೋಮೀಟರ್, ಶುರುವಿನಲ್ಲಿ ಒಳ್ಳೆಯ ಏರು.

ಇಲ್ಲಿ ನಾವು ಹಾಕುವ ಗಾಳಕ್ಕೆ ಫ್ಲೈ ಫಿಶಿಂಗ್ ಅಂತಾರೆ, ಇದು ನಮ್ಮ ಎರೆಹುಳದ ಗಾಳದಂತಲ್ಲ. ಕೊಕ್ಕೆಗೆ ಫೋಮ್, ಜಿಂಕೆ ಕೂದಲು, ರಬ್ಬರ್ ಕಾಲು ಕಟ್ಟಿ ಮಿಡತೆಯ ರೂಪ ಮಾಡಿರುತ್ತಾರೆ. ಅದಕ್ಕೆ ತೂಕವೇ ಇಲ್ಲ. ತೂಕವೆಲ್ಲ ದಪ್ಪ ದಾರದಲ್ಲಿ. ಒಂಬತ್ತು ಅಡಿ ಕೋಲನ್ನು ಹಿಂದಕ್ಕೆ ಬೀಸಿ, ದಾರ ಗಾಳಿಯಲ್ಲಿ ನೇರವಾಗುವ ತನಕ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಮಿಡತೆ ದಡದ ಹುಲ್ಲಿನ ಪಕ್ಕ ನೀರಿಗೆ ಬಿದ್ದು, ಹರಿವಿನ ಜೊತೆಗೇ ತೇಲಬೇಕು. ದಾರ ಸ್ವಲ್ಪ ಎಳೆದರೂ ಮೀನಿಗೆ ಗೊತ್ತಾಗುತ್ತದೆ.

ಅಲ್ಲಿರುವುದು ಕಟ್‌ಥ್ರೋಟ್ ಟ್ರೌಟ್ ಎಂಬ ಮೀನು. ಹೊಂಬಣ್ಣದ ಮೈ, ಬಾಲದ ಕಡೆ ದಟ್ಟವಾದ ಕಪ್ಪು ಚುಕ್ಕೆ, ದವಡೆಯ ಅಡಿ ಕೆಂಪು ಗೆರೆ. ಅದಕ್ಕೆ ಅವಸರವೇ ಇಲ್ಲ. ತಳದಿಂದ ಮೇಲೆದ್ದು, ಮಿಡತೆಯ ಕೆಳಗೆ ಮೂಗು ಇಟ್ಟುಕೊಂಡು ಮಾರು ದೂರ ಅದರ ಜೊತೆಗೇ ಹಿಂದಕ್ಕೆ ತೇಲುತ್ತದೆ. ತಿಳಿನೀರಿನಲ್ಲಿ ಕಿವಿರು ಆಡುವುದೂ ಕಾಣುತ್ತದೆ. ಆಮೇಲೆ ಬಾಯಿ ತೆರೆದು, ನಿಧಾನಕ್ಕೆ ಮುಚ್ಚುತ್ತದೆ. ಬಾಯಿ ಮುಚ್ಚಿ ತಲೆ ಕೆಳಗೆ ಹೋಗುವ ತನಕ ಕೋಲು ಎತ್ತಬಾರದು. ಆ ಒಂದು ಕ್ಷಣ ಕಾಯುವುದಕ್ಕೇ ನಾನು ಅಷ್ಟು ದೂರ ಹೋಗುವುದು ಚಿಕ್ಕಪ್ಪ.

ಇನ್ನು ಬಿಡುವ ಮಾತು. ಆ ಕಣಿವೆಯ ಮೂಲನಿವಾಸಿ ಟ್ರೌಟ್ ಇದೊಂದೇ. 1889ರಿಂದ ಸರ್ಕಾರವೇ ಹೊರಗಿನ ಜಾತಿಗಳನ್ನು ಪಾರ್ಕಿನ ನೀರಿಗೆ ತಂದು ಬಿಟ್ಟಿತು. ರೇನ್‌ಬೋ ಟ್ರೌಟ್ ಇದರ ಜೊತೆ ಬೆರೆತು ತಳಿಯನ್ನೇ ಕೆಡಿಸುತ್ತಿದೆ. ಆದ್ದರಿಂದ ಕಟ್‌ಥ್ರೋಟ್ ಸಿಕ್ಕರೆ ಬಿಡಲೇಬೇಕು, ಲಾಮಾರ್ ಸೇತುವೆಯಿಂದ ಮೇಲ್ಹರಿವಿನ ಕಡೆ ರೇನ್‌ಬೋ ಸಿಕ್ಕರೆ ಕೊಲ್ಲಲೇಬೇಕು. ಎರಡೂ ಕಾನೂನು, ಎರಡೂ ಸರಿ ಅಂತ ನನ್ನ ಅಭಿಪ್ರಾಯ. ಚಿಪ್ಪಲಗುಡ್ಡೆಯ ದೇವರ ಮೀನಿಗೆ ನೀವು ಯಾವತ್ತಾದರೂ ಗಾಳ ಹಾಕಿದ್ದುಂಟೇ? ಮಂಡಕ್ಕಿ ಹಾಕಿ ಬರುತ್ತೀರಿ. ಅಲ್ಲಿ ದೇವರ ಮಾತು, ಇಲ್ಲಿ ಕಾನೂನಿನ ಮಾತು.

ಬಿಡುವುದಕ್ಕೂ ಕ್ರಮವಿದೆ. ಕೊಕ್ಕೆಗೆ ಒಳಮುಳ್ಳು ಇರಬಾರದು. ಒಣಗೈಯಲ್ಲಿ ಮುಟ್ಟಿದರೆ ಮೈಯ ಲೋಳೆ ಹೋಗುತ್ತದೆ, ಅದಕ್ಕೆ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಮೀನನ್ನು ನೀರಿನಲ್ಲೇ ಇಟ್ಟು ಕೊಕ್ಕೆ ಬಿಡಿಸಬೇಕು.

ಇದೆಲ್ಲಕ್ಕಿಂತ ನನಗೆ ಚಿಂತೆ ನೀರಿನ ಬಿಸಿಯದ್ದು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ದಣಿದ ಟ್ರೌಟ್ ಬಿಟ್ಟ ಮೇಲೂ ಸಾಯುತ್ತದೆ. ಮೊಂಟಾನಾದಲ್ಲಿ ನೀರು ಸತತ ಮೂರು ದಿನ 73 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ 23 ಡಿಗ್ರಿ ಮುಟ್ಟಿದರೆ ಸಾಮಾನ್ಯವಾಗಿ ಆ ನದಿಯಲ್ಲಿ ಮಧ್ಯಾಹ್ನ ಎರಡರಿಂದ ಮಧ್ಯರಾತ್ರಿವರೆಗೆ ಗಾಳ ಬಂದ್. ನಾನು 20 ಡಿಗ್ರಿಗೇ ನಿಲ್ಲಿಸುವವನು. ಜೇಬಿನಲ್ಲಿ ಥರ್ಮಾಮೀಟರ್ ಇರುತ್ತದೆ. ಆದರೆ ಎರಡು ಸಾವಿರ ಮೀಟರ್ ಎತ್ತರದ ಬೆಳಗಿನ ಚಳಿಗೆ ಮಿಡತೆ ಹುಲ್ಲು ಬಿಟ್ಟು ಅಲ್ಲಾಡುವುದಿಲ್ಲ. ಅದಕ್ಕೆ ಬಿಸಿಲು ಬೇಕು, ಮೀನಿಗೆ ತಂಪು ಬೇಕು. ಹತ್ತು ಗಂಟೆಯಿಂದ ಎರಡರವರೆಗೆ ಎರಡೂ ಒಟ್ಟಿಗೆ ಸಿಗುವ ಹೊತ್ತು. ಅದರ ಸುತ್ತಲೇ ನಮ್ಮ ದಿನಚರಿ.

ಪಾರ್ಕಿನ ಪರ್ಮಿಟ್ ಬೇರೆಯೇ ತೆಗೆದುಕೊಳ್ಳಬೇಕು, ರಾಜ್ಯದ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ. ಅಡಿಗೆ ಫೆಲ್ಟ್ ಬಟ್ಟೆ ಅಂಟಿಸಿದ ಬೂಟಿಗೂ ನಿಷೇಧ, ಒಂದು ನದಿಯ ರೋಗ ಇನ್ನೊಂದಕ್ಕೆ ಹೋಗುತ್ತದೆ ಅಂತ. ನನ್ನದು ರಬ್ಬರ್ ಅಡಿಯದ್ದು, ಉಜ್ಜಿ ತೊಳೆದು ಒಣಗಿಸಿಟ್ಟಿದ್ದೇನೆ.

ಕರಡಿಯ ವಿಷಯ ಅಮ್ಮನಿಗೆ ಹೇಳಬೇಡಿ, ನಿಮಗೆ ಮಾತ್ರ ಹೇಳುತ್ತೇನೆ. ಗ್ರಿಜ್ಲಿ ಇದ್ದೇ ಇವೆ. ಸೊಂಟದಲ್ಲಿ ಕರಡಿ ಸ್ಪ್ರೇ ಇರುತ್ತದೆ, ಪೊದೆ ಹತ್ತಿರ ಜೋರಾಗಿ ಮಾತಾಡುತ್ತಾ ನಡೆಯುತ್ತೇವೆ. ನೂರು ಗಜ ದೂರ ಇರಬೇಕೆಂದು ನಿಯಮ. ಕಾಡೆಮ್ಮೆಯಂಥ ಬೈಸನ್‌ಗೆ 25 ಗಜ ಸಾಕು, ಆದರೆ ದಾರಿಯಲ್ಲೇ ನಿಂತುಬಿಡುತ್ತವೆ, ಸುತ್ತಿ ಹೋಗಬೇಕಾಗುತ್ತದೆ.

ರೇನ್‌ಬೋ ಸಿಕ್ಕರೆ ಹುರಿದು ತಿನ್ನುವ ಆಸೆಯಿದೆ. ಕುಕ್ ಸಿಟಿಯಲ್ಲಿ ಒಲೆ ಇರುವ ರೂಮು ಹಿಡಿದಿದ್ದೇವೆ. ಚಿಕ್ಕಮ್ಮ ಮೀನಿಗೆ ಹಚ್ಚುವ ಮಸಾಲೆಯಲ್ಲಿ ವಾಟೆಹುಳಿ ಹಾಕುತ್ತಾರಲ್ಲ, ಇಲ್ಲಿ ಸಿಗುವುದು ಬರೀ ಹುಣಸೆಹಣ್ಣು. ಅಳತೆ ಎಷ್ಟು ಅಂತ ಕೇಳಿ ವಾಟ್ಸಾಪ್ ಮಾಡಿ. 25ನೇ ತಾರೀಖಿನೊಳಗೆ ಕಳಿಸಿ, ಆಮೇಲೆ ಕಣಿವೆಯಲ್ಲಿ ಸಿಗ್ನಲ್ ಇರುವುದಿಲ್ಲ.

ಇತಿ ನಿಮ್ಮ ಪ್ರೀತಿಯ
ಪುಟ್ಟ