ಕೂಬಿದೆ ಪ್ಲೇಟು ಇನ್ನು 370 ರೂಪಾಯಿ: ನಮ್ಮ ಗಿರಾಕಿಗಳಿಗೆ ಒಂದು ಪತ್ರ

ನಮಸ್ಕಾರ.

ಕೌಂಟರಿನ ಹಿಂದಿನ ಗೋಡೆಗೆ ಚೀಟಿ ಅಂಟಿಸಿ ಮೂರು ದಿನ ಆಯಿತು. ಮೂರು ದಿನದಿಂದ ಉತ್ತರ ಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆ. ನಮ್ಮ ಇರಾನಿ ಅಡುಗೆಯವರು ಆಗಾ ಅವರಂತೂ ಅಡುಗೆಮನೆಯಿಂದ ಹೊರಗೆ ತಲೆ ಹಾಕುವುದನ್ನೇ ಬಿಟ್ಟಿದ್ದಾರೆ. ಬರೆದೇ ಹೇಳಿಬಿಡೋಣ ಅಂತ ಕೂತಿದ್ದೇನೆ.

ಮೊದಲು ವಿಷಯ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಚೆಲೋ ಕೂಬಿದೆ, ಅಂದರೆ ಅನ್ನದ ಜೊತೆ ಎರಡು ಸೀಖು ಮಟನ್ ಕೈಮಾ ಕಬಾಬ್, 320ರ ಬದಲು 370 ರೂಪಾಯಿ. ಜೂಜೆ, ಅಂದರೆ ಚಿಕನ್ ಪ್ಲೇಟು, 290ರಿಂದ 320. ಎರಡನೇ ಸಲ ಅನ್ನ ಕೇಳಿದರೆ ಇದುವರೆಗೆ ಸುಮ್ನೆ ಹಾಕುತ್ತಿದ್ದೆವು. ಇನ್ನು ಅದಕ್ಕೆ 40. ಮಧ್ಯಾಹ್ನದ ಒಂದು ಸೀಖಿನ ಹಾಫ್ ಪ್ಲೇಟು 190ಕ್ಕೇ ಇರುತ್ತದೆ. ಕಾಲೇಜು ಹುಡುಗರು ಗಾಬರಿ ಆಗಬೇಡಿ, ಅದನ್ನು ಮುಟ್ಟಿಲ್ಲ.

ಒಂದೇ ಏಟಿಗೆ 50 ರೂಪಾಯಿ ಜಾಸ್ತಿ ಆಯಿತು, ಗೊತ್ತು. ಎರಡು ವರ್ಷ ರೇಟು ಮುಟ್ಟದೆ ಕೂತದ್ದು ನಮ್ಮ ತಪ್ಪು. ಹತ್ತು ಹತ್ತಾಗಿ ಏರಿಸಿದ್ದರೆ ನಿಮಗೂ ಇಷ್ಟು ಚುಚ್ಚುತ್ತಿರಲಿಲ್ಲ. ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಹೋದ ತಿಂಗಳು ಎರಡು ವಾರ ಪ್ಲೇಟಿಗೆ ಒಂದು ಸುಟ್ಟ ಟೊಮೆಟೊ ಬದಲು ಅರ್ಧ ಇಟ್ಟೆವು, ಯಾರಿಗೂ ಹೇಳದೆ. ನಿಮ್ಮಲ್ಲಿ ಕೆಲವರು ನೋಡಿದಿರಿ, ಕೇಳಲಿಲ್ಲ. ನನಗೆ ನಾಚಿಕೆ ಆಯಿತು. ಈಗ ಮತ್ತೆ ಪೂರ್ತಿ ಟೊಮೆಟೊ ಇದೆ.

ಈಗ ಆ ದೂರಿಗೆ ಬರುತ್ತೇನೆ. "ಕೇಸರಿ ಅನ್ನ ಅಂತ ಬೋರ್ಡಿನಲ್ಲಿ ಬರೀತೀರಿ. ಮೇಲೆ ಒಂದು ಸೌಟು ಹಳದಿ, ಕೆಳಗೆಲ್ಲ ಬಿಳಿ ಅನ್ನ. ಇದಕ್ಕೆ 370 ಬೇರೆನಾ?" ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಒಬ್ಬರು ಚಮಚದಲ್ಲಿ ಅನ್ನ ಅಗೆದು ಅಗೆದು ತೋರಿಸಿದರು, ಬೋರ್‌ವೆಲ್ ಕೊರೆಸಿದ ಹಾಗೆ.

ಸ್ವಾಮಿ, ಚೆಲೋ ಇರುವುದೇ ಹಾಗೆ. ಇರಾನಿನಲ್ಲೂ ಚೆಲೋ ಕಬಾಬ್ ತಟ್ಟೆಯಲ್ಲಿ ಬಿಳಿ ಅನ್ನವೇ ಬರುತ್ತದೆ. ಮೇಲಷ್ಟೇ ಕೇಸರಿ. ಆ ಬಿಳಿ ಅನ್ನದ ಹಿಂದಿನ ಕೆಲಸ ನೋಡಿ. ಬಾಸ್ಮತಿಯನ್ನು ಉಪ್ಪುನೀರಿನಲ್ಲಿ ನೆನೆಹಾಕಬೇಕು. ಕುದಿಯುವ ನೀರಿಗೆ ಹಾಕಿ, ಅಗುಳಿನ ನಡುವೆ ಇನ್ನೂ ಸ್ವಲ್ಪ ಗಟ್ಟಿ ಇರುವಾಗಲೇ ಬಸಿಯಬೇಕು. ಆಮೇಲೆ ಮುಚ್ಚಳಕ್ಕೆ ಬಟ್ಟೆ ಸುತ್ತಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ದಮ್. ನಮ್ಮ ಬಿರಿಯಾನಿಯ ದಮ್ ಕೂಡ ಇರಾನಿನವರದೇ ಪದ. ಆವಿಯ ನೀರನ್ನು ಬಟ್ಟೆ ಹೀರುತ್ತದೆ, ಅದಕ್ಕೇ ಅಗುಳು ಒಂದಕ್ಕೊಂದು ಅಂಟಲ್ಲ. ಕೊನೆಗೆ ಕೇಸರಿಯನ್ನು ಚಿಟಿಕೆ ಸಕ್ಕರೆ ಜೊತೆ ಕುಟ್ಟಿ, ಬಿಸಿನೀರಿನಲ್ಲಿ ಬಿಟ್ಟು, ಅದರಲ್ಲಿ ಸ್ವಲ್ಪ ಅನ್ನ ಕಲಸಿ ಮೇಲೆ ಹರಡುತ್ತಾರೆ. ತಟ್ಟೆ ಮುಂದೆ ಬಂದಾಗ ಮೊದಲು ಮೂಗಿಗೆ ಬಡಿಯುತ್ತದಲ್ಲ, ಅದು ಆ ಒಂದು ಸೌಟಿನ ಕೆಲಸ.

ಪಾತ್ರೆ ತುಂಬ ಹಳದಿ ಮಾಡುವುದು ನಮಗೇನು ಕಷ್ಟ? ಹತ್ತು ರೂಪಾಯಿಯ ಬಣ್ಣದ ಡಬ್ಬಿ ಸಾಕು. ಈ ಊರಿನಲ್ಲಿ ಕೇಸರಿಬಾತ್‌ನಲ್ಲಿ ಕೇಸರಿ ಎಷ್ಟಿದೆ ಅಂತ ಯಾರಾದರೂ ಅಗೆದು ನೋಡಿದ್ದಾರಾ? ಕಬಾಬಿಗೆ ಕೃತಕ ಬಣ್ಣ ಹಾಕಬಾರದು ಅಂತ 2024ರ ಜೂನ್‌ನಲ್ಲಿ ಸರ್ಕಾರ ಆದೇಶ ಮಾಡಿತು. ಅದಕ್ಕೂ ಮೊದಲು ನಮ್ಮ ಕಬಾಬ್ ನೋಡಿ "ಇದೇನ್ರೀ, ಕೆಂಪಗೇ ಇಲ್ಲ" ಅಂತ ಎದ್ದುಹೋದವರಿದ್ದಾರೆ. ಆಗಲೂ ಬಣ್ಣ ಹಾಕಲಿಲ್ಲ, ಈಗಲೂ ಇಲ್ಲ. ಸಂಶಯ ಇದ್ದರೆ ಕೇಳಿ, ನಾಲ್ಕು ಎಳೆ ಒಂದು ಲೋಟ ನೀರಿಗೆ ಹಾಕಿ ಕೊಡುತ್ತೇನೆ. ನಿಜವಾದ ಕೇಸರಿ ನಿಧಾನಕ್ಕೆ ಬಣ್ಣ ಬಿಡುತ್ತದೆ, ಎಳೆ ಮಾತ್ರ ಕೆಂಪಗೇ ಉಳಿಯುತ್ತದೆ. ನೀವು ದೂಗ್, ಅಂದರೆ ಇರಾನಿ ಮಜ್ಜಿಗೆ, ಕುಡಿದು ಮುಗಿಸುವಷ್ಟರಲ್ಲಿ ಗೊತ್ತಾಗುತ್ತದೆ.

ಕೇಸರಿಯ ರೇಟಿಗೂ ನಮ್ಮನ್ನೇ ಬೈಯುತ್ತಾರೆ, ಅದು ಅನ್ಯಾಯ. ಒಂದು ಹೂವಿಗೆ ಮೂರೇ ಎಳೆ. ಒಂದು ಗ್ರಾಂ ಒಣ ಕೇಸರಿಗೆ ಹತ್ತಿರ ಹತ್ತಿರ 150 ಹೂವು ಬೇಕು, ಎಲ್ಲ ಕೈಯಲ್ಲೇ ಬಿಡಿಸಬೇಕು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಕಡೆಯ ಅಟ್ಟಾರಿ ಗಡಿ ಮುಚ್ಚಿತು, ಅಫ್ಘಾನಿಸ್ತಾನದ ಕೇಸರಿ ಬರುವ ದಾರಿ ನಿಂತಿತು. ಕಾಶ್ಮೀರದ್ದು ಕೆಜಿಗೆ 5 ಲಕ್ಷ ದಾಟಿತು ಅಂತ ಆಗ ಪೇಪರಿನಲ್ಲಿ ಬಂತು. ನಾವು ಕೊಳ್ಳುವುದು ಇರಾನಿನ ಖೊರಾಸಾನ್ ಕಡೆಯದು. ಆದರೆ ರೇಟು ಏರಿಸಲು ವ್ಯಾಪಾರಿಗೆ ಒಂದು ನೆಪ ಸಾಕಲ್ವಾ? ಗ್ರಾಂಗೆ 250 ಕೊಡುತ್ತಿದ್ದವರು ಈಗ 400 ಕೊಡುತ್ತಿದ್ದೇವೆ.

ಆದರೂ ನ್ಯಾಯವಾಗಿ ಹೇಳಬೇಕಂದರೆ, ಆ 50 ರೂಪಾಯಿಯಲ್ಲಿ ಕೇಸರಿಯ ಪಾಲು ಬರೀ ನಾಲ್ಕು. 30 ರೂಪಾಯಿ ಮಟನ್ನಿನದು. ನಿಮ್ಮ ಎರಡು ಸೀಖಿಗೆ ಹಸಿ ಕೈಮಾ 200 ಗ್ರಾಂ. ಎಲುಬಿಲ್ಲದ ಮಾಂಸ ನಮಗೆ ಕೆಜಿಗೆ 700 ಇದ್ದದ್ದು 850 ಆಗಿದೆ, ನೀವೇ ಗುಣಿಸಿ. ಮಿಕ್ಕಿದ್ದು ಬಾಡಿಗೆ, ಇದ್ದಿಲು, ಹುಡುಗರ ಸಂಬಳ.

ಮಾಂಸ ತಂದುಕೊಡುವವನೇ ಉಪಾಯ ಹೇಳಿಕೊಟ್ಟ: "ಅರ್ಧ ಚಿಕನ್ ಸೇರಿಸಿ, ಇಲ್ಲಾಂದ್ರೆ ಸ್ವಲ್ಪ ಸೋಯಾ. ಯಾರಿಗೆ ಗೊತ್ತಾಗತ್ತೆ?" ಆಗಾ ಅವನಿಗೆ ಪಾರ್ಸಿಯಲ್ಲಿ ಏನೋ ಅಂದರು. ಅರ್ಥ ನಾನು ಕೇಳಲಿಲ್ಲ. ಕೂಬಿದೆ ಅಂದರೆ ಕುಟ್ಟಿದ್ದು ಅಂತ. ಮಾಂಸ, ಕೊಬ್ಬು, ಈರುಳ್ಳಿ, ಉಪ್ಪು, ಮೆಣಸು, ಅಷ್ಟೇ. ಮೊಟ್ಟೆ ಇಲ್ಲ, ಹಿಟ್ಟಿಲ್ಲ. ಈರುಳ್ಳಿ ತುರಿದು ನೀರನ್ನು ಪೂರ್ತಿ ಹಿಂಡದಿದ್ದರೆ, ಕೈಯಲ್ಲಿ ಚೆನ್ನಾಗಿ ನಾದದಿದ್ದರೆ, ಮಾಂಸ ಸೀಖಿನಿಂದ ಜಾರಿ ಕೆಂಡಕ್ಕೆ ಬೀಳುತ್ತದೆ. ಅವರ ಊರಿನಲ್ಲಿ ಕುರಿಯ ಬಾಲದ ಕೊಬ್ಬು ಹಾಕುತ್ತಾರೆ, ದೊಂಬೆ ಅಂತ. ನಮ್ಮ ಬನ್ನೂರು ಕುರಿಯ ಬಾಲದಲ್ಲಿ ಏನಿದೆ ಹೇಳಿ. ಎದೆ ಭಾಗದ ಕೊಬ್ಬು ಹಾಕಿ ಸರಿಮಾಡಲು ಆಗಾ ಎಷ್ಟು ಒದ್ದಾಡಿದರು ಅನ್ನುವುದು ಹಳೆಯ ಗಿರಾಕಿಗಳಿಗೆ ಗೊತ್ತು. ಕೆಂಡಕ್ಕೆ ಬಿದ್ದ ಕಬಾಬಿಗೂ ನೀವು ಅವತ್ತು ದುಡ್ಡು ಕೊಟ್ಟಿದ್ದೀರಿ.

"ಜಿಎಸ್‌ಟಿ ಇಳೀತಲ್ಲ?" ಅಂದವರಿಗೆ: 2025ರ ಸೆಪ್ಟೆಂಬರ್ 22ರಿಂದ ಬೆಣ್ಣೆಗೆ 12 ಪರ್ಸೆಂಟ್ ಇದ್ದದ್ದು 5 ಆಯಿತು, ನಿಜ. ಪ್ಲೇಟಿನಲ್ಲಿ ಬೆಣ್ಣೆ ಇರುವುದು ಬೆರಳ ತುದಿಯಷ್ಟು. ಹಸಿ ಮಾಂಸಕ್ಕೆ ಮೊದಲೇ ಜಿಎಸ್‌ಟಿ ಇರಲಿಲ್ಲ, ಇಳಿಯುವುದೇನು? ನಿಮ್ಮ ಬಿಲ್ಲಿನ 5 ಪರ್ಸೆಂಟ್ ಹಾಗೇ ಇದೆ. ನಾವು ಸಾಮಾನಿಗೆ ಕಟ್ಟಿದ ತೆರಿಗೆ ನಮಗೆ ವಾಪಸ್ ಬರಲ್ಲ. ಇನ್ನು ಆ್ಯಪಿನಲ್ಲಿ ರೇಟು ಯಾಕೆ ಬೇರೆ ಅಂತ ದಯವಿಟ್ಟು ಕೇಳಬೇಡಿ, ಬಿಪಿ ಏರುತ್ತದೆ. ಅಂಗಡಿಗೆ ಬನ್ನಿ. ಡಬ್ಬಿಯಲ್ಲಿ ಮುಚ್ಚಿದ ಕಬಾಬ್ ಹೇಗೂ ಬೆವರುತ್ತದೆ.

"ಯಾವುದೋ ದೇಶದ ಸಪ್ಪೆ ಊಟಕ್ಕೆ ಇಷ್ಟಾ?" ಅಂತಲೂ ಒಬ್ಬರು ಅಂದರು. ಖಾರ ಬೇಕಾದವರಿಗೆ ಸುಟ್ಟ ಹಸಿಮೆಣಸಿನಕಾಯಿ ಇದೆ, ಕೇಳಿದರೆ ಕೊಡುತ್ತೇವೆ. ಯಾವುದೋ ದೇಶ ಅನ್ನುವುದಕ್ಕೆ ಮಾತ್ರ ಒಂದು ಮಾತು. ಇದೇ ಬೆಂಗಳೂರಿನಲ್ಲಿ ಅಲಿ ಅಸ್ಕರ್ ರಸ್ತೆ ಇದೆಯಲ್ಲ, ಅದು ಶಿರಾಜ್‌ನಿಂದ ಬಂದು ಇಲ್ಲಿ ಕುದುರೆ ವ್ಯಾಪಾರ ಮಾಡಿದವರ ಹೆಸರು. ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಇದೇ ಅಲಿ ಅಸ್ಕರ್ ಅವರ ಮೊಮ್ಮಗ.

2025ರ ಜೂನ್‌ನಲ್ಲಿ ಇರಾನಿನ ಮೇಲೆ 12 ದಿನ ಬಾಂಬ್ ಬಿದ್ದಾಗ ಆಗಾ ಅವರಿಗೆ ಮಶಹದ್‌ನಲ್ಲಿರುವ ಅಮ್ಮನ ಫೋನು ಸಿಗುತ್ತಿರಲಿಲ್ಲ. ಆಗ ನಿಮ್ಮಲ್ಲಿ ಎಷ್ಟೋ ಜನ ಊಟ ಬೇಡದಿದ್ದರೂ ಬಂದು "ಅಮ್ಮ ಹೇಗಿದ್ದಾರೆ?" ಅಂತ ವಿಚಾರಿಸಿದಿರಿ. ಅಂಥವರಿಗೆ 50 ರೂಪಾಯಿ ಜಾಸ್ತಿ ಕೊಡಿ ಅಂತ ಬರೆಯುವಾಗ ಕೈ ಹಿಂದೆ ಬರುತ್ತದೆ. ಅಮ್ಮ ಚೆನ್ನಾಗಿದ್ದಾರೆ.

ಹಸಿ ಈರುಳ್ಳಿ, ಕಾಮಕಸ್ತೂರಿ ಎಲೆ, ಹುಳಿಹುಳಿ ಸುಮಾಕ್ ಪುಡಿ ಮೊದಲಿನ ಹಾಗೇ ಎಷ್ಟು ಬೇಕಾದರೂ ತೊಗೊಳ್ಳಿ. ದೂಗ್ 60ಕ್ಕೇ ಇದೆ. ಸೋಮವಾರದಿಂದ ಕೌಂಟರಿನ ಮೇಲೆ ತಕ್ಕಡಿ ಇಡುತ್ತೇನೆ. ಹಸಿ ಕೈಮಾ 200 ಗ್ರಾಂಗೆ ಕಮ್ಮಿ ಇದ್ದರೆ ಆ ಪ್ಲೇಟಿಗೆ ದುಡ್ಡು ಬೇಡ. ಪಾತ್ರೆಯ ತಳದ ಗರಿಗರಿ ತಹದೀಗ್ ಕೂಡ ಎಂದಿನಂತೆ ಫ್ರೀ. ಆದರೆ ಭಾನುವಾರ ಒಂದು ಗಂಟೆ ಮೇಲೆ ಬಂದರೆ ಸಿಗಲ್ಲ, ಆಮೇಲೆ ನನ್ನ ಮೇಲೆ ಕೋಪ ಮಾಡಿಕೊಳ್ಳಬೇಡಿ.

ಇಂತಿ,
ಕೌಂಟರಿನಲ್ಲಿ ಕೂರುವವನು
(ಒಳಗಿನಿಂದ ಆಗಾ ಅವರ ಸಲಾಂ)